ಸಂಬಳವಿಲ್ಲದ ಪ್ರೊಫೆಸರರು: ವಿಲ್ಲರ್ಡ್ ಗಿಬ್ಸ್ ಮಹಾಶಯರ ಜೀವನ

ಸಾಸವಡದಲ್ಲಿ ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ನಮ್ಮಲ್ಲಿದ್ದನು. ಬೆಳಗ್ಗೆ ಜೂನಿಯರ್ ಕಾಲೇಜು, ಮಧ್ಯಾಹ್ನದಿಂದ ರಾತ್ರಿಯವರೆಗೆ ಟೇಬಲು. ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಒಂದೂವರೆ ತಿಂಗಳಿರುವಾಗ ಅವನು ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟು, ಇನ್ನು ಓದುವುದಿಲ್ಲ, ಪೂರ್ಣ ಪಾಳಿ ಕೊಡಿ ಎಂದು ನಮ್ಮ ಮುಂದೆ ನಿಂತನು. ವಿಚಾರಿಸಲಾಗಿ, ರಸಾಯನಶಾಸ್ತ್ರದ ಒಂದು ಅಧ್ಯಾಯ ಅವನನ್ನು ಹೆದರಿಸಿದ್ದಿತು. ಅದರಲ್ಲಿ ಗಿಬ್ಸ್ ಎಂಬ ಶಬ್ದ ಪುಟಪುಟಕ್ಕೂ ಬರುತ್ತಿತ್ತು. ಅದು ಮನುಷ್ಯನ ಹೆಸರೋ ಪದಾರ್ಥದ ಹೆಸರೋ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಎಸ್.ಎಸ್.ಎಲ್.ಸಿ.ಗೇ ವಿದ್ಯೆ ಮುಗಿಸಿದ ನಮಗೂ ತಿಳಿದಿರಲಿಲ್ಲ. ಆದರೆ ಆ ಅಧ್ಯಾಯದಲ್ಲಿದ್ದುದು ಒಂದು ಕಳೆಯುವ ಲೆಕ್ಕ ಎಂಬುದು ನಮ್ಮ ಕಣ್ಣಿಗೆ ಬಿದ್ದಿತು. ಕಳೆಯುವ ಲೆಕ್ಕಕ್ಕೆ ಹೋಟೆಲಿನವರು ಅಂಜಿದರೆ ಆದೀತೇ? ಅಂದಿನಿಂದ ರಾತ್ರಿ ಬಾಗಿಲು ಹಾಕಿದ ಮೇಲೆ ನಾವಿಬ್ಬರೂ ಆ ಪುಸ್ತಕದ ಮುಂದೆ ಕುಳಿತೆವು. ಆಗ ಪರಿಚಯವಾದ ಮಹಾಶಯರ ಜೀವನವನ್ನೇ ಇಂದು ವಾಚಕರ ಮುಂದಿಡುತ್ತಿದ್ದೇವೆ.

ಜೋಸಾಯ ವಿಲ್ಲರ್ಡ್ ಗಿಬ್ಸರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ನಗರದಲ್ಲಿ 1839ರ ಫೆಬ್ರವರಿ 11ರಂದು ಜನಿಸಿದರು. ನಾಲ್ವರು ಸೋದರಿಯರ ನಡುವೆ ಒಬ್ಬನೇ ಮಗ. ತಂದೆಯವರ ಹೆಸರೂ ಅದೇ; ಅವರು ಅಲ್ಲಿಯ ಯೇಲ್ ವಿದ್ಯಾಪೀಠದಲ್ಲಿ ಧರ್ಮಗ್ರಂಥಗಳ ಪ್ರಾಧ್ಯಾಪಕರು, ಬಹುಭಾಷಾ ಪಂಡಿತರು. ಆ ತಂದೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬಾರದು.

ಮಗ ಹುಟ್ಟಿದ ವರ್ಷವೇ ಆಮಿಸ್ಟಾಡ್ ಎಂಬ ಹಡಗು ಅಮೆರಿಕದ ತೀರದಲ್ಲಿ ಸಿಕ್ಕಿಬಿದ್ದಿತು. ಅದರಲ್ಲಿದ್ದವರು ಗುಲಾಮಗಿರಿಗಾಗಿ ಕದ್ದು ತಂದ ಆಫ್ರಿಕದ ಜನ. ಒಡೆಯರ ಮೇಲೆ ತಿರುಗಿಬಿದ್ದು ಹಡಗನ್ನು ವಶಪಡಿಸಿಕೊಂಡಿದ್ದವರು. ಅವರನ್ನು ನ್ಯೂ ಹೇವನ್ನಿನ ಸೆರೆಮನೆಯಲ್ಲಿಟ್ಟರು. ಅವರ ಮಾತು ಯಾರಿಗೂ ಅರಿಯದು, ಆದುದರಿಂದ ಅವರ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವವರೂ ಇಲ್ಲ. ಹಿರಿಯ ಗಿಬ್ಸರು ಸೆರೆಮನೆಗೆ ಹೋಗಿ, ಬೆರಳುಗಳನ್ನು ಎತ್ತಿ ತೋರಿಸುತ್ತ, ಒಂದರಿಂದ ಹತ್ತರವರೆಗೆ ಅವರ ಭಾಷೆಯಲ್ಲಿ ಎಣಿಸುವುದನ್ನು ಕಲಿತುಕೊಂಡರು. ಅನಂತರ ನ್ಯೂ ಯಾರ್ಕಿನ ಬಂದರಿಗೆ ಹೋಗಿ, ಆ ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತ ಹಡಗುಕಟ್ಟೆಗಳ ಮೇಲೆ ನಡೆದಾಡಿದರು. ಕೊನೆಗೆ ಜೇಮ್ಸ್ ಕೋವಿ ಎಂಬ ನಾವಿಕನು ಅದನ್ನು ಕೇಳಿ ಗುರುತಿಸಿದನು. ಅದು ಮೆಂಡೆ ಭಾಷೆ. ಕೋವಿಯು ದುಭಾಷಿಯಾಗಿ ಬಂದ ಮೇಲೆ ಸೆರೆಯವರ ಕಥೆ ಲೋಕಕ್ಕೆ ತಿಳಿಯಿತು. 1841ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಪರಸ್ಥಳದ ರೈಲು ನಿಲ್ದಾಣದಲ್ಲಿ ಇಳಿದು, ಜನಸಂದಣಿಯೊಳಗೆ ಎಲ್ಲಿಂದಲೋ ಒಂದು ಕನ್ನಡ ಮಾತು ಕಿವಿಗೆ ಬಿದ್ದು ಜೀವ ಬಂದಂತಾದ ಅನುಭವವಿರುವ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಗ ಗಿಬ್ಸರು ಮಾತಿನ ಮನುಷ್ಯರಲ್ಲ. ಆರೋಗ್ಯವೂ ಅಷ್ಟಕ್ಕಷ್ಟೇ. ಹದಿನೈದನೆಯ ವಯಸ್ಸಿನಲ್ಲಿ ಯೇಲ್ ಸೇರಿ 1858ರಲ್ಲಿ ಪದವಿ ಪಡೆದರು. ಲ್ಯಾಟಿನ್ ಮತ್ತು ಗಣಿತ ಎರಡರಲ್ಲಿಯೂ ಬಹುಮಾನಗಳನ್ನು ಗಳಿಸಿದರು. ಈ ನಡುವೆ 1855ರಲ್ಲಿ ತಾಯಿಯೂ, 1861ರಲ್ಲಿ ತಂದೆಯೂ ತೀರಿಕೊಂಡರು. 1863ರಲ್ಲಿ ಗಿಬ್ಸರು ಯಂತ್ರಗಳ ಹಲ್ಲುಚಕ್ರಗಳ ಆಕಾರವನ್ನು ಕುರಿತು ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಪಡೆದರು. ಇಂಜಿನಿಯರಿಂಗ್ ವಿಷಯದಲ್ಲಿ ಅಮೆರಿಕ ಕೊಟ್ಟ ಮೊದಲ ಡಾಕ್ಟರ್ ಪದವಿ ಅದು. ತರುವಾಯ ಮೂರು ವರ್ಷ ಉಪಾಧ್ಯಾಯವೃತ್ತಿ, ಅದರಲ್ಲಿ ಎರಡು ವರ್ಷ ಲ್ಯಾಟಿನ್ ಪಾಠ! 1866ರಲ್ಲಿ ರೈಲು ಗಾಡಿಗಳ ಬ್ರೇಕಿನಲ್ಲಿ ಒಂದು ಸುಧಾರಣೆ ಮಾಡಿ ಪೇಟೆಂಟ್ ಪಡೆದರು. ಅದೇ ವರ್ಷ ಇಬ್ಬರು ಸೋದರಿಯರೊಂದಿಗೆ ಯೂರೋಪಿಗೆ ಹೊರಟು, ಪ್ಯಾರಿಸ್, ಬರ್ಲಿನ್, ಹೈಡಲ್‌ಬರ್ಗ್‌ಗಳಲ್ಲಿ ಒಂದೊಂದು ವರ್ಷ ವಿದ್ವಾಂಸರ ಪಾಠಗಳನ್ನು ಕೇಳಿ 1869ರಲ್ಲಿ ಮನೆಗೆ ಮರಳಿದರು. ಅಲ್ಲಿಂದ ಮುಂದೆ ಸಾಯುವವರೆಗೂ ತಂದೆ ಕಟ್ಟಿಸಿದ ಮನೆಯಲ್ಲಿಯೇ ವಾಸ. ಬೇಸಗೆಯಲ್ಲಿ ಬೆಟ್ಟಗಳ ಕಡೆಗೆ ಹೋಗುವುದನ್ನು ಬಿಟ್ಟರೆ ಬೇರೆ ಸಂಚಾರವಿಲ್ಲ.

1871ರಲ್ಲಿ ಯೇಲ್ ಅವರನ್ನು ಗಣಿತೀಯ ಭೌತಶಾಸ್ತ್ರದ ಪ್ರೊಫೆಸರರನ್ನಾಗಿ ನೇಮಿಸಿತು. ಆದರೆ ಆ ಹುದ್ದೆಗೆ ಸಂಬಳವಿರಲಿಲ್ಲ. ಒಂದಲ್ಲ ಎರಡಲ್ಲ, ಒಂಬತ್ತು ವರ್ಷ ಗಿಬ್ಸರು ಒಂದು ಕಾಸೂ ಪಡೆಯದೆ ಪಾಠ ಹೇಳಿದರು. ವಾಚಕರು ಅವರು ಉಪವಾಸವಿದ್ದರೆಂದು ಮರುಗಬೇಕಾಗಿಲ್ಲ. ತಂದೆತಾಯಿಗಳು ಬಿಟ್ಟುಹೋದ ಸ್ವತ್ತಿನಿಂದ ಮಿತವಾಗಿ ಬದುಕಲು ಸಾಕಾಗುತ್ತಿತ್ತು. ಅದಿಲ್ಲದಿದ್ದರೆ ಈ ವಿದ್ಯೆಯೂ ಲೋಕಕ್ಕೆ ಸಿಗುತ್ತಿರಲಿಲ್ಲವೆಂಬುದು ಬೇರೆ ಮಾತು. ಸಂಬಳವಿಲ್ಲದೆ ದುಡಿಸಿಕೊಳ್ಳುವುದನ್ನು ಗೌರವವೆಂದು ಕರೆಯುವ ಸಂಸ್ಥೆಗಳನ್ನು ನಾವು ಮೆಚ್ಚಲಾರೆವು.

ಈ ಸಂಬಳವಿಲ್ಲದ ವರ್ಷಗಳಲ್ಲಿಯೇ ಅವರು ತಮ್ಮ ಮಹಾಕಾರ್ಯವನ್ನು ಮಾಡಿದರು. ಅದೇನೆಂದು ತಿಳಿಯಬೇಕಾದರೆ ಅಂದಿನ ರಸಾಯನ ವಿದ್ವಾಂಸರು ಬಿದ್ದಿದ್ದ ತೊಡಕನ್ನು ನೋಡಬೇಕು. ಎರಡು ಪದಾರ್ಥಗಳನ್ನು ಕೂಡಿಸಿದರೆ ಕ್ರಿಯೆ ತಾನಾಗಿ ನಡೆಯುವುದೋ ಇಲ್ಲವೋ? ಮಾಡಿ ನೋಡದೆ ಮೊದಲೇ ಹೇಳಬಹುದೇ? ಡೆನ್ಮಾರ್ಕಿನ ಟಾಮ್ಸೆನ್ನರೂ ಫ್ರಾನ್ಸಿನ ಬರ್ಥೆಲೊ ಅವರೂ ಉಷ್ಣವನ್ನು ಅಳೆದರೆ ಸಾಕೆಂದು ನಂಬಿದ್ದರು. ಯಾವ ಕ್ರಿಯೆಯಿಂದ ಕಾವು ಹೊರಬೀಳುವುದೋ ಅದು ತಾನಾಗಿ ನಡೆಯುವುದು, ಕಾವನ್ನು ಬೇಡುವುದು ನಡೆಯದು ಎಂಬುದು ಅವರ ಸೂತ್ರ. ಸೌದೆ ಉರಿಯುವುದನ್ನೂ, ಸುಟ್ಟ ಸುಣ್ಣಕ್ಕೆ ನೀರು ಹೊಯ್ದಾಗ ಕುದಿಯುವುದನ್ನೂ ಕಂಡವರಿಗೆ ಅದು ಸರಿಯೆಂದೇ ತೋರುವುದು.

ಆದರೆ ನವಸಾಗರವನ್ನು ನೋಡಿರಿ. ನಾವು ಹುಡುಗರಾಗಿದ್ದಾಗ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದನು. ಅವನ ಚೀಲದಲ್ಲಿದ್ದ ಬಿಳಿಯ ಹರಳು ಅದೇ. ಒಂದು ಹಿಡಿ ನವಸಾಗರವನ್ನು ಲೋಟದ ನೀರಿಗೆ ಹಾಕಿದರೆ ಯಾರೂ ಒತ್ತಾಯಿಸದೆ ಕರಗುವುದು. ಲೋಟ ಮಾತ್ರ ತಣ್ಣಗಾಗುವುದು. ಅಂದರೆ ಅದು ಕಾವನ್ನು ಕೊಡುವುದರ ಬದಲು ಸುತ್ತಲಿನಿಂದ ಎಳೆದುಕೊಳ್ಳುತ್ತದೆ, ಆದರೂ ತಾನಾಗಿ ನಡೆಯುತ್ತದೆ. ಉಷ್ಣದ ಲೆಕ್ಕವೊಂದೇ ಸಾಲದೆಂದಾಯಿತು.

ನಮ್ಮ ಹೋಟೆಲಿನ ಮೊದಲ ವರ್ಷದ ನೆನಪು ಇಲ್ಲಿ ಬಾರದೆ ಇರದು. ಪುರಂದರದ ಸೀತಾಫಲದ ಕಾಲದಲ್ಲಿ ಸಂತೆಯ ಜನವೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು, ಸಂಜೆಗೆ ಗಲ್ಲಾ ತುಂಬುತ್ತಿತ್ತು, ನಾವು ಹಿಗ್ಗುತ್ತಿದ್ದೆವು. ದೀಪಾವಳಿಗೆ ಲೆಕ್ಕ ತೆಗೆದರೆ ಕೈಯಲ್ಲಿ ಏನೂ ಇಲ್ಲ. ಹಾಲು, ಸಿಲಿಂಡರು, ಬಾಡಿಗೆ, ಒಡೆದ ಕಪ್ಪುಗಳು, ಇವುಗಳಿಗೆ ಬೇರೆ ಕಲಮು ಇಟ್ಟಿರಲೇ ಇಲ್ಲ. ತಪ್ಪು ಪೂರ್ತಿ ನಮ್ಮದೇ. ಟಾಮ್ಸೆನ್, ಬರ್ಥೆಲೊ ಅವರಂತಹ ಘನವಿದ್ವಾಂಸರೂ ಗಲ್ಲಾ ನೋಡಿ ಲಾಭ ಹೇಳುವ ಕೆಲಸವನ್ನೇ ಮಾಡುತ್ತಿದ್ದರೆಂದು ಪುಸ್ತಕದ ಮುಂದೆ ಕುಳಿತಾಗ ನಮಗೆ ಹೊಳೆಯಿತು. ಹುಡುಗನೂ ಮೊದಲ ಬಾರಿ ನಕ್ಕನು.

ಗಿಬ್ಸರು ಎರಡನೆಯ ಕಲಮನ್ನು ಬರೆದರು. ಅದರ ಹೆಸರು ಎಂಟ್ರೊಪಿ. ಜರ್ಮನಿಯ ಕ್ಲೌಸಿಯಸ್ ಎಂಬ ವಿದ್ವಾಂಸರು 1865ರಲ್ಲಿ ಈ ಶಬ್ದವನ್ನು ಮಾಡಿದ್ದರು. ಸ್ಥೂಲವಾಗಿ ಹೇಳುವುದಾದರೆ, ಶಕ್ತಿಯೂ ಕಣಗಳೂ ಎಷ್ಟು ಬಗೆಯಾಗಿ ಹರಡಿಕೊಂಡಿವೆ ಎಂಬುದರ ಅಳತೆಯದು. ಕಾಫಿಗೆ ಹಾಕಿದ ಸಕ್ಕರೆ ಲೋಟದ ತುಂಬ ಹರಡುವುದು. ಹರಡಿದ ಸಕ್ಕರೆ ಮತ್ತೆ ಒಂದೆಡೆ ಕೂಡಿ ಹರಳಾಗಿ ಚಮಚಕ್ಕೆ ಏರಿದ್ದನ್ನು ಯಾರೂ ಕಂಡಿಲ್ಲ. ಲೆಕ್ಕದ ವಿಧಾನ ಹೀಗೆ: ಕ್ರಿಯೆಯು ಎಳೆದುಕೊಳ್ಳುವ ಉಷ್ಣವನ್ನು ಮೊದಲು ಬರೆಯಬೇಕು, ಕಾವನ್ನು ಹೊರಗೆ ಬಿಡುವ ಕ್ರಿಯೆಯಾದರೆ ಋಣಚಿಹ್ನೆ ಹಾಕಿ ಬರೆಯಬೇಕು. ಎಂಟ್ರೊಪಿಯಲ್ಲಿ ಆಗುವ ಹೆಚ್ಚಳವನ್ನು ಉಷ್ಣಮಾನದಿಂದ ಗುಣಿಸಿ, ಬಂದುದನ್ನು ಮೊದಲಿನದರಿಂದ ಕಳೆಯಬೇಕು. ಉಳಿಕೆಯೇ ಮುಕ್ತಶಕ್ತಿಯ ವ್ಯತ್ಯಾಸ. ಅದು ಋಣವಾದರೆ ಕ್ರಿಯೆ ತಾನಾಗಿ ನಡೆಯಬಲ್ಲುದು, ಧನವಾದರೆ ನಡೆಯದು, ಸೊನ್ನೆಯಾದರೆ ಎರಡೂ ಕಡೆ ಸಮತೋಲ. ನಮ್ಮ ಜಮಾಖರ್ಚಿನಲ್ಲಿ ಋಣವೆಂದರೆ ಅಶುಭ. ಇಲ್ಲಿ ಹಾಗಲ್ಲ. ದಿವೇಘಾಟಿನ ಇಳಿಜಾರಿನಲ್ಲಿ ಮಳೆಯ ನೀರು ಕೆಳಕ್ಕೆ ಓಡುವಂತೆ, ಪ್ರಕೃತಿಯ ಕ್ರಿಯೆಗಳು ಮುಕ್ತಶಕ್ತಿ ಕಡಿಮೆಯಾಗುವ ಕಡೆಗೆ ಓಡುತ್ತವೆ. ಉಷ್ಣಮಾನವನ್ನು ಮಾತ್ರ ಕೆಲ್ವಿನ್ ಮಾನದಲ್ಲಿ, ಅಂದರೆ ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿ, ಹಿಡಿಯಬೇಕು.

ನವಸಾಗರಕ್ಕೇ ಹಚ್ಚಿ ನೋಡೋಣ. ಸುಮಾರು 53 ಗ್ರಾಂ ನವಸಾಗರ ಕರಗುವಾಗ 14.8 ಕಿಲೊಜೌಲ್ ಉಷ್ಣವನ್ನು ಎಳೆದುಕೊಳ್ಳುವುದು. (ಕಾಲು ಲೀಟರು ನೀರಿನ ಕಾವನ್ನು 1 ಡಿಗ್ರಿ ಏರಿಸಲು ಸುಮಾರು 1 ಕಿಲೊಜೌಲ್ ಬೇಕು.) ಎಂಟ್ರೊಪಿಯ ಹೆಚ್ಚಳ, ಒಂದು ಕೆಲ್ವಿನ್ನಿಗೆ 0.075 ಕಿಲೊಜೌಲ್. 25 ಡಿಗ್ರಿಯ ದಿನ, ಎಂದರೆ 298 ಕೆಲ್ವಿನ್ನಿನಲ್ಲಿ, ಗುಣಿಸಿದರೆ 22.4. ಹದಿನಾಲ್ಕು ಚಿಲ್ಲರೆಯಿಂದ ಇಪ್ಪತ್ತೆರಡು ಚಿಲ್ಲರೆ ಕಳೆದರೆ ಋಣ 7.6. ಆದುದರಿಂದ ಕಾವನ್ನು ಬೇಡಿಯೂ ಅದು ಕರಗುತ್ತದೆ. ಈ ಒಂದು ಲೆಕ್ಕ ಕೈಗೆ ಬಂದ ರಾತ್ರಿ ಹುಡುಗನು ಅಟ್ಟದಿಂದ ಉಳಿದ ಪುಸ್ತಕಗಳನ್ನೂ ಇಳಿಸಿಕೊಂಡನು.

ಸುಣ್ಣದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಸಾಸವಡದಲ್ಲಿ ಕರ್ಹಾ ನದಿಯ ದಂಡೆಯ ಊರಿನೊಳಗೆ ಪೇಶ್ವೆಯವರ ಕಾಲದ ವಾಡೆಗಳಿವೆ. ಅಂತಹ ಹಳೆಯ ಗೋಡೆಗಳ ಕಲ್ಲು ಇಟ್ಟಿಗೆಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಣ್ಣದ ಗಾರೆ. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಡುತ್ತಾರೆ, ಘಟ್ಟದ ಮೇಲೆ ಸುಣ್ಣದ ಕಲ್ಲನ್ನು ಸುಡುತ್ತಾರೆ. ಎರಡೂ ರಾಸಾಯನಿಕವಾಗಿ ಒಂದೇ ಪದಾರ್ಥ. 100 ಗ್ರಾಂ ಕಲ್ಲು ಪೂರ್ತಿ ಸುಟ್ಟರೆ 56 ಗ್ರಾಂ ಸುಣ್ಣ ಉಳಿದು, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹಾರಿಹೋಗುವುದು. ಇದಕ್ಕೆ ಬೇಕಾದ ಉಷ್ಣ 178 ಕಿಲೊಜೌಲ್. ಎಂಟ್ರೊಪಿಯ ಹೆಚ್ಚಳ ಕೆಲ್ವಿನ್ನಿಗೆ 0.16. ಸಾಧಾರಣ ದಿನದ 298 ಕೆಲ್ವಿನ್ನಿನಲ್ಲಿ ಎರಡನೆಯ ಕಲಮು ಕೇವಲ 48 ಆಗುವುದು. ಉಳಿಕೆ ಧನ 130. ಆದುದರಿಂದ ಸುಣ್ಣದ ಕಲ್ಲು ಬಿಸಿಲಿನಲ್ಲಿ ಸಾವಿರ ವರ್ಷ ಬಿದ್ದಿದ್ದರೂ ಸುಣ್ಣವಾಗದು. 178ನ್ನು 0.16ರಿಂದ ಭಾಗಿಸಿರಿ: ಸುಮಾರು 1,112 ಕೆಲ್ವಿನ್, ಅಂದರೆ 840 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಲ್ಲಿ ಎರಡು ಕಲಮುಗಳೂ ಸರಿಸಮ. ಗೂಡಿನ ಬೆಂಕಿ ಅದನ್ನು ದಾಟಿತೆಂದರೆ ಉಳಿಕೆ ಋಣವಾಗಿ ಕಲ್ಲು ತಾನಾಗಿಯೇ ಸುಣ್ಣವಾಗತೊಡಗುವುದು. ಶಾಲೆಯ ಮೆಟ್ಟಿಲು ಹತ್ತದ ಸುಣ್ಣಗಾರನು ಬೆಂಕಿಯ ಬಣ್ಣ ನೋಡಿ ಗುರುತಿಸುವ ಹದವನ್ನು ಗಿಬ್ಸರ ವಿದ್ಯೆಯು ಕಾಗದದ ಮೇಲೆ ಭಾಗಾಕಾರದಿಂದ ತೋರಿಸುತ್ತದೆ. ಸುಣ್ಣಗಾರನು ಗೂಡಿನ ಕೆಳಗೆ ಗಾಳಿಗೆ ಕಂಡಿ ಬಿಡುವುದೂ ಬರಿಯ ಉರಿಗಾಗಿ ಅಲ್ಲ. ಹೊರಬಂದ ಅನಿಲವನ್ನು ಗಾಳಿ ಸಾಗಿಸುತ್ತಿದ್ದರೆ ಈ ಹದ ಇನ್ನೂ ಕೆಳಗಿಳಿಯುವುದೆಂದು ಅದೇ ಲೆಕ್ಕ ಹೇಳುವುದು.

ಗೋಡೆಗೆ ಹಚ್ಚಿದ ಮೇಲೆ ನಡೆಯುವುದು ಇದರ ತಿರುಗುಮುರುಗು. ನೀರು ಕುಡಿದ ಸುಣ್ಣವು ಗಾಳಿಯಲ್ಲಿನ ಅದೇ ಅನಿಲವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಕಲ್ಲಾಗುತ್ತದೆ. ಸಾಧಾರಣ ಉಷ್ಣಮಾನದಲ್ಲಿ ಈ ದಿಕ್ಕಿಗೇ ಉಳಿಕೆ ಋಣ. ವಾಡೆಯ ಗೋಡೆ ನಿಂತಿರುವುದು ಹೀಗೆ. ಎಲೆಯಡಿಕೆಯ ಡಬ್ಬಿಯ ಬಾಯಿ ತೆರೆದಿಟ್ಟರೆ ಸುಣ್ಣ ಕೆಡುವುದೂ ಹೀಗೆಯೇ.

ಕೋಲಾರದ ಗಣಿಗಳಲ್ಲಿ (ಅವು 2001ರಲ್ಲಿ ಮುಚ್ಚಿದವು) ಬಂಗಾರವು ಲೋಹವಾಗಿಯೇ ಸಿಕ್ಕಿತು, ಆದರೆ ಭದ್ರಾವತಿಯವರು ಕಬ್ಬಿಣಕ್ಕಾಗಿ 1923ರಿಂದ ಕೆಂಪು ಅದಿರನ್ನು ಇದ್ದಿಲಿನೊಡನೆ ಕುಲುಮೆಗೆ ಹಾಕಬೇಕಾಯಿತು. ಇದರ ಕಾರಣವೂ ಅದೇ ಉಳಿಕೆ. ಕಬ್ಬಿಣ ಗಾಳಿಯೊಡನೆ ಕೂಡಿ ತುಕ್ಕಾಗುವಾಗ ಉಳಿಕೆ ದೊಡ್ಡ ಋಣ. ಬಂಗಾರಕ್ಕೆ ಅದು ಧನ. ಕಾವಲಿ ತುಕ್ಕು ಹಿಡಿಯುವುದಕ್ಕೂ ಮೂಗುತಿ ಹಿಡಿಯದಿರುವುದಕ್ಕೂ ಬೇರೆ ಗುಟ್ಟೇನೂ ಇಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಪರೀಕ್ಷೆಯಲ್ಲಿ ಹುಡುಗರು ತಪ್ಪುವುದು ಇಲ್ಲಿಯೇ. ಈ ಲೆಕ್ಕವು ಕ್ರಿಯೆ ನಡೆಯಬಲ್ಲುದೇ ಎಂದು ಹೇಳುವುದೇ ಹೊರತು ಎಷ್ಟು ಬೇಗ ಎಂದು ಹೇಳದು. ಸಕ್ಕರೆ ಗಾಳಿಯೊಡನೆ ಕೂಡಿ ಉರಿಯುವ ಕ್ರಿಯೆಯ ಉಳಿಕೆ ಭಾರಿ ಋಣ. ಆದರೂ ನಮ್ಮ ಡಬ್ಬಿಯ ಸಕ್ಕರೆ ವರ್ಷಗಟ್ಟಲೆ ಸುಮ್ಮನಿರುವುದು. ಮೊದಲ ತಳ್ಳು ಕೊಡಲು ಕಿಡಿ ಬೇಕು.

ಗಿಬ್ಸರ ಲೇಖನವೂ ಹಾಗೆ ಬಹುಕಾಲ ಡಬ್ಬಿಯಲ್ಲಿಯೇ ಇದ್ದಿತು. 1873ರಲ್ಲಿ ಎರಡು ಸಣ್ಣ ಲೇಖನಗಳನ್ನು ಬರೆದು, ಬಳಿಕ 1875ರಿಂದ 1878ರವರೆಗೆ ಭಿನ್ನ ಪದಾರ್ಥಗಳ ಸಮತೋಲವನ್ನು ಕುರಿತ ದೊಡ್ಡ ಪ್ರಬಂಧವನ್ನು ಭಾಗಭಾಗವಾಗಿ ಪ್ರಕಟಿಸಿದರು. ಸುಮಾರು 300 ಪುಟ, 700 ಸಮೀಕರಣಗಳು. ಅದು ಅಚ್ಚಾದುದು ಕನೆಕ್ಟಿಕಟ್ ಅಕಾಡೆಮಿಯ ಪತ್ರಿಕೆಯಲ್ಲಿ. ಹೊರಗೆ ಅದನ್ನು ಓದುವವರು ವಿರಳ. ಅಷ್ಟು ಸಮೀಕರಣಗಳ ಮೊಳೆ ಜೋಡಿಸುವ ವೆಚ್ಚ ಅಕಾಡೆಮಿಗೆ ಹೊರಲಾರದಷ್ಟಾಗಿ, ಊರಿನ ವ್ಯಾಪಾರಿಗಳಿಂದಲೂ ಪ್ರಾಧ್ಯಾಪಕರಿಂದಲೂ ಚಂದಾ ಎತ್ತಿದರು. ಆ ವ್ಯಾಪಾರಿಗಳಿಗೆ ಒಂದು ಸಾಲೂ ಅರ್ಥವಾಗಿರಲಾರದು. ಪತ್ರಿಕೆಯ ಅಚ್ಚಿನ ಬಿಲ್ಲು ಬಂದಾಗಲೆಲ್ಲ ನಾವು ಅವರನ್ನು ನೆನೆಯುತ್ತೇವೆ.

ಯೂರೋಪಿನಲ್ಲಿ ಕೂಡಲೆ ಬೆಲೆ ತಿಳಿದವರೆಂದರೆ ಇಂಗ್ಲೆಂಡಿನಲ್ಲಿದ್ದ ಮ್ಯಾಕ್ಸ್‌ವೆಲ್ ಒಬ್ಬರೇ ಎನ್ನಬೇಕು. ಗಿಬ್ಸರು ನೀರಿನ ಗುಣಗಳನ್ನು ಬೆಟ್ಟಕಣಿವೆಗಳ ಆಕಾರವಾಗಿ ವರ್ಣಿಸಿದ್ದನ್ನು ಓದಿ, ಅವರು ಸ್ವಹಸ್ತದಿಂದ ಅದರ ಜೇಡಿಯ ಮಾದರಿ ಮಾಡಿ, ಪ್ಲಾಸ್ಟರಿನಲ್ಲಿ ಎರಕ ಹೊಯ್ದು ನ್ಯೂ ಹೇವನ್ನಿಗೆ ಕಳುಹಿಸಿದರು. 1879ರಲ್ಲಿ ಮ್ಯಾಕ್ಸ್‌ವೆಲ್ಲರು 48ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಗಿಬ್ಸರಿಗೆ ದೊಡ್ಡ ನಷ್ಟ.

ಮರುವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಪೀಠವು ವರ್ಷಕ್ಕೆ 3,000 ಡಾಲರ್ ಕೊಡುತ್ತೇವೆಂದು ಕರೆಯಿತು. ಯೇಲ್‌ನವರಿಗೆ ಆಗ ಎಚ್ಚರವಾಯಿತು; 2,000 ಡಾಲರ್ ಕೊಡಲು ಒಪ್ಪಿದರು. ಗಿಬ್ಸರು ಕಡಿಮೆ ಸಂಬಳದ ಮನೆಯೂರನ್ನೇ ಆರಿಸಿಕೊಂಡರು. ಊರು ಬಿಟ್ಟು ಬಂದ ನಾವು ಈ ನಿರ್ಣಯವನ್ನು ಅಳೆಯಲು ತಕ್ಕವರಲ್ಲ. ಆದರೆ ಸಾವಿರ ಡಾಲರ್ ಬಿಟ್ಟು ಊರಿನಲ್ಲಿ ಉಳಿಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲವೆಂದಷ್ಟೇ ಹೇಳುತ್ತೇವೆ.

ಜರ್ಮನಿಯ ಓಸ್ಟ್‌ವಾಲ್ಡ್ ಅವರು 1892ರಲ್ಲಿ ಆ ಪ್ರಬಂಧವನ್ನು ಜರ್ಮನ್ ಭಾಷೆಗೆ ತಂದರು. 1899ರಲ್ಲಿ ಲ ಶಾಟೆಲ್ಯೆ ಅವರು ಅದರ ಒಂದು ಭಾಗವನ್ನು ಫ್ರೆಂಚಿಗೆ ತಂದರು. ಇಷ್ಟರೊಳಗೆ ಯೂರೋಪಿನವರು ಬಹಳ ಶ್ರಮದಿಂದ ಕಂಡುಹಿಡಿದಿದ್ದ ಎಷ್ಟೋ ಸಂಗತಿಗಳು ಆ ಹಳೆಯ ಪುಟಗಳಲ್ಲಿ ಮೊದಲೇ ಇದ್ದವು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರು ಇಂತಹುದೇ ಒಂದು ಮೊತ್ತಕ್ಕೆ 1882ರಲ್ಲಿ ಮುಕ್ತಶಕ್ತಿಯೆಂದು ಹೆಸರಿಟ್ಟರು. ಗಿಬ್ಸರು ತಮ್ಮದಕ್ಕೆ ಒಂದು ಗ್ರೀಕ್ ಅಕ್ಷರವನ್ನಷ್ಟೇ ಬಳಸಿದ್ದರು. ಇಂಗ್ಲಿಷಿನಲ್ಲಿ ಅದು ಫ್ರೀ ಎನರ್ಜಿಯಾಯಿತು. ಪುಸ್ತಕದಲ್ಲಿ ಆ ಶಬ್ದ ಕಂಡು ನಮ್ಮ ಹುಡುಗನು ಪುಕ್ಕಟೆ ಶಕ್ತಿಯೆಂದೇ ತಿಳಿದಿದ್ದನು! ಕೆಲಸಕ್ಕೆ ಒದಗಲು ಬಿಡುವಾಗಿರುವ ಶಕ್ತಿ ಎಂಬುದೇ ಸರಿಯಾದ ಅರ್ಥ. ಈಗ ಲೋಕವೆಲ್ಲ ಗಿಬ್ಸರ ಗೌರವಾರ್ಥವಾಗಿ ಅದನ್ನು ಜಿ ಅಕ್ಷರದಿಂದ ಬರೆಯುತ್ತದೆ.

ಗಿಬ್ಸರು ಮದುವೆಯಾಗಲಿಲ್ಲ. ಸೋದರಿ ಜೂಲಿಯಾ ಮತ್ತು ಆಕೆಯ ಪತಿ, ಯೇಲ್‌ನ ಗ್ರಂಥಪಾಲಕ ವ್ಯಾನ್ ನೇಮ್ ಅವರ ಸಂಸಾರದೊಡನೆ ಕೊನೆಯವರೆಗೂ ಇದ್ದರು. ಊಟಕ್ಕೆ ಹಸಿ ತರಕಾರಿಯ ಸಲಾಡನ್ನು, ನಮ್ಮ ಕೋಸಂಬರಿಯಂತಹುದನ್ನು, ತಾವೇ ಕಲಸುವುದಾಗಿ ಹಟ ಹಿಡಿಯುತ್ತಿದ್ದರಂತೆ; ಭಿನ್ನ ಪದಾರ್ಥಗಳನ್ನು ಕೂಡಿಸುವುದು ತಮ್ಮ ವಿದ್ಯೆಯೆಂಬುದು ಅವರ ವಿನೋದ. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂದಿತು, 1902ರಲ್ಲಿ ಅಣುಗಳ ಸಮೂಹವನ್ನು ಕುರಿತ ಗ್ರಂಥ ಹೊರಬಿತ್ತು, 1903ರ ಏಪ್ರಿಲ್ 28ರಂದು ಅಲ್ಪಕಾಲದ ಅಸ್ವಾಸ್ಥ್ಯದಿಂದ ನ್ಯೂ ಹೇವನ್ನಿನಲ್ಲಿಯೇ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಹುಟ್ಟಿದ ಊರಿನ ಸ್ಮಶಾನದಲ್ಲಿಯೇ ಅವರ ಸಮಾಧಿಯಿದೆ.

ನಮ್ಮ ಹುಡುಗನು ಆ ವರ್ಷ ಪರೀಕ್ಷೆಗೆ ಕುಳಿತನು. ಸುಣ್ಣದ ಕಲ್ಲಿನ ಲೆಕ್ಕವೇ ಬಂದಿದ್ದಿತೆಂದು ಸಂಜೆ ಬಂದು ಹೇಳಿ, ಅಂಗಿ ಬದಲಿಸಿ, ಟೇಬಲು ಒರೆಸಲು ಹೋದನು.

ತಮ್ಮ ಲೇಖನಗಳನ್ನು ಯಾರೂ ಹುಡುಕಿಕೊಂಡು ಬರಲಾರರೆಂದು ಗಿಬ್ಸರಿಗೂ ತಿಳಿದಿತ್ತು. ಆದುದರಿಂದ ದೇಶದೇಶಗಳ ವಿದ್ವಾಂಸರ ಐನೂರಕ್ಕೂ ಮಿಕ್ಕಿದ ವಿಳಾಸಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪ್ರತಿಗಳನ್ನು ಅಂಚೆಯಲ್ಲಿ ತಾವೇ ಕಳುಹಿಸುತ್ತಿದ್ದರು. 2005ರಲ್ಲಿ ಅಮೆರಿಕದ ಅಂಚೆ ಇಲಾಖೆಯು 37 ಸೆಂಟಿನ ಚೀಟಿಯೊಂದನ್ನು ಹೊರಡಿಸಿತು. ಅದರ ಮೇಲೆ ಗಡ್ಡಧಾರಿಯಾದ ಗಿಬ್ಸರ ಮುಖವಿದೆ, ಪಕ್ಕದಲ್ಲಿ ಮ್ಯಾಕ್ಸ್‌ವೆಲ್ಲರು ಜೇಡಿಯಲ್ಲಿ ತಿದ್ದಿದ ಆ ಬೆಟ್ಟಕಣಿವೆಗಳ ರೇಖಾಚಿತ್ರವಿದೆ.